ದೊರೆಗಳು ಮೀಟಿಂಗ್‌ನಲ್ಲಿದ್ದಾರೆ

ಬಹಳ ಹಿಂದಿನ ಮಾತು, ಪಲ್ಲಂಗಪುರ ಎಂಬ ಒಂದು ರಾಜ್ಯವಿತ್ತು. ಎಷ್ಟು ಹಿಂದೆ ಎಂದು ಕೇಳುವಿರಾದರೆ, ಅರಮನೆಯಲ್ಲಿ ನಿದ್ದೆಯನ್ನು ಇನ್ನೂ ನಿದ್ದೆ ಎಂದೇ ಕರೆಯುತ್ತಿದ್ದ ಕಾಲ.

ಅಲ್ಲಿನ ದೊರೆ ಶ್ರೀಮನ್ಮಹಾರಾಜ ಸುಖಾಸನವರ್ಮರು ಮಧ್ಯಾಹ್ನ ಹೋಳಿಗೆ ಊಟ ಮುಗಿಸಿ ಮಲಗಿದರೆ ಏಳುತ್ತಿದ್ದುದು ದೀಪ ಹಚ್ಚುವ ಹೊತ್ತಿಗೆ. ಅಹವಾಲು ಹಿಡಿದು ಬಂದವರಿಗೆ ಬಾಗಿಲು ಕಾಯುವ ತಿಪ್ಪೇರುದ್ರ, "ದೊರೆ ಮಲಗವ್ರೆ" ಎನ್ನುತ್ತಿದ್ದ. ಜನ "ಮಲಗ್ಲಿ ಬಿಡು, ಪಾಪ" ಎಂದು ಮರದ ಕೆಳಗೆ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ಯಾರಿಗೂ ಬೇಸರವಿರಲಿಲ್ಲ. ಬೇಸರವಾದದ್ದು ದೊರೆಗೆ. ಆ "ಪಾಪ" ಒಂದು ದಿನ ಕಿಟಕಿಯಿಂದ ಒಳಗೆ ಬಂದು ಅವರ ಕಿವಿಗೆ ಬಿತ್ತು.

ಅದೇ ಸಮಯಕ್ಕೆ ಮಹಾಮಂತ್ರಿ ವಿನಯಭೂಷಣರು ಅಧ್ಯಯನ ಪ್ರವಾಸ ಮುಗಿಸಿ ವಿದೇಶದಿಂದ ಮರಳಿದರು. ಪ್ರವಾಸದ ಖರ್ಚು ದೊಡ್ಡದು, ತಂದದ್ದು ಮಾತ್ರ ಒಂದು ಪದ.

"ಮಹಾಪ್ರಭು, ಅಲ್ಲಿ ದೊಡ್ಡವರು ಯಾರೂ ಮಲಗುವುದಿಲ್ಲ. ಮೀಟಿಂಗ್‌ನಲ್ಲಿರುತ್ತಾರೆ."

"ಹಾಗೆಂದರೇನಯ್ಯಾ?"

"ಅದನ್ನು ಯಾರೂ ಕೇಳುವುದಿಲ್ಲ ಪ್ರಭು. ಆ ಪದದ ಮಹಿಮೆಯೇ ಅದು."

ದೊರೆಯ ಮುಖ ಅರಳಿತು. ಸಂಜೆಯೊಳಗೆ ಡಂಗುರ ಸಾರಿದರು. ಇನ್ನು ಮುಂದೆ ಅರಮನೆಯಲ್ಲಿ ಯಾರೂ ಮಲಗತಕ್ಕದ್ದಲ್ಲ, ಉಣ್ಣತಕ್ಕದ್ದಲ್ಲ, ಆಕಳಿಸತಕ್ಕದ್ದಲ್ಲ. ಸಕಲರೂ ಸದಾಕಾಲ ಮೀಟಿಂಗ್‌ನಲ್ಲಿರತಕ್ಕದ್ದು.

ಒಳಗೆ ಮೀಟಿಂಗ್ ಇದೆಯೆಂದು ಹೊರಗಿನವರಿಗೆ ತಿಳಿಯುವುದು ಹೇಗೆ? ಬಾಗಿಲಾಚೆ ಚಪ್ಪಲಿ ಬಿಟ್ಟು ಒಳಹೋಗುವುದು ಆ ಊರಿನ ಪದ್ಧತಿ. ಹಾಗಾಗಿ, ಹೊರಗೆ ಚಪ್ಪಲಿ ಕಂಡರೆ ಒಳಗೆ ಮೀಟಿಂಗ್ ಎಂದಾಯಿತು. ಚಪ್ಪಲಿ ದಾಟಿ ಬಾಗಿಲು ತಟ್ಟಿದವರಿಗೆ ಶಿರಚ್ಛೇದ. ಊರಿನ ಚಪ್ಪಲಿ ಹೊಲಿಯುವವರಿಗೆ ಕೈತುಂಬ ಕೆಲಸ ಬಂತು. ಅಧಿಕಾರಿಗಳೆಲ್ಲ ಎರಡೆರಡು ಜೊತೆ ಮಾಡಿಸಿಕೊಂಡರು: ಕಚೇರಿ ಬಾಗಿಲಲ್ಲಿ ಬಿಟ್ಟಿರಲು ಒಂದು, ಮೆಟ್ಟಿಕೊಂಡು ಮನೆಗೆ ಹೋಗಲು ಇನ್ನೊಂದು.

ಹೀಗಿರಲು ಒಂದು ಮಳೆಗಾಲದಲ್ಲಿ ಊರ ಮೇಲಿನ ಕೆರೆ ತುಂಬಿತು. ಹಿಂದೆಲ್ಲ ನೀರು ಹೆಚ್ಚಾದರೆ ಜನವೇ ಹೋಗಿ ತೂಬು ಎತ್ತಿ, ಹೆಚ್ಚಿನ ನೀರನ್ನು ಕಾಲುವೆಗೆ ಬಿಡುತ್ತಿದ್ದರು. ಈಚೆಗೆ ಪಾರದರ್ಶಕತೆಯ ದೃಷ್ಟಿಯಿಂದ ತೂಬಿಗೆ ಬೀಗ ಜಡಿದು, ಕೀಲಿಯನ್ನು ಅರಮನೆಯ ಕುಂಚಿಕಾಧಿಪತಿಗಳ ವಶಕ್ಕೆ ಕೊಡಲಾಗಿತ್ತು. ಜನರ ಬಾಯಲ್ಲಿ ಅವರು ಕೀಲಿ ಸಾಹೇಬರು.

ಕೆರೆಯ ಕೆಳಗಿನ ಕೇರಿಯಲ್ಲಿ ಮಂಡಕ್ಕಿ ಹುರಿದು ಮಾರುವ ಓಬಕ್ಕ, ಸೆರಗನ್ನು ತಲೆಗೆ ಹೊದ್ದು ಅರಮನೆಗೆ ಓಡಿಬಂದಳು.

"ತಿಪ್ಪೇರುದ್ರಣ್ಣಾ, ಕೆರೆ ಏರಿ ಒಂದ್ಕಡೆ ಬಿರಿತಾ ಐತೆ. ಮನೇಲಿ ಹಸೀ ಬಾಣಂತಿ ಮಗಳು ಮಲಗವಳೆ. ತೂಬಿನ ಕೀಲಿ ಕೊಡ್ಸಪ್ಪಾ, ನಾವೇ ಎತ್ಕೊಂತೀವಿ."

"ಕೀಲಿ ಸಾಹೇಬ್ರು ಮೀಟಿಂಗ್‌ನಾಗವ್ರೆ ಕಣಕ್ಕಾ. ಚಪ್ಲಿ ನೋಡು."

"ಯಾರ ಜತೆ ಮೀಟಿಂಗು?"

"ಹಂಗೆಲ್ಲ ಕೇಳಂಗಿಲ್ಲ. ಬೆಳಗ್ಗೆ ಮೀಟಿಂಗ್ ಅಂದ್ರೆ ಇನ್ನೂ ಎದ್ದಿಲ್ಲ ಅಂತ. ಮಧ್ಯಾಹ್ನದ ಮೀಟಿಂಗ್ ಅಂದ್ರೆ ಉಂಡು ಅಡ್ಡಾಗವ್ರೆ ಅಂತ. ಅರ್ಜೆಂಟ್ ಮೀಟಿಂಗ್ ಅಂದ್ರೆ ಇಸ್ಪೀಟು. ಹೈಲೆವೆಲ್ ಮೀಟಿಂಗ್ ಅಂದ್ರೆ ಯಜಮಾನ್ತಿ ಬೈತಾವ್ರೆ, ಆ ಕಡೆ ಸುಳೀಬಾರ್ದು."

"ಮತ್ತೆ ನಾಕು ಜನ ಕೂತು ಕಷ್ಟಸುಖ ಮಾತಾಡಿದ್ರೆ ಅದಕ್ಕೇನಂತೀರಿ?"

ತಿಪ್ಪೇರುದ್ರ ಯೋಚಿಸಿದ. "ಅದಕ್ಕಿನ್ನೂ ಹೆಸರಿಟ್ಟಿಲ್ಲ ಕಣಕ್ಕಾ. ಅಂಥದ್ದು ನಡೆದಿದ್ದು ನಾನ್ ಕಂಡಿಲ್ಲ."

"ಹಂಗಾರೆ ನಾನೇ ಬಾಗ್ಲು ಬಡೀತೀನಿ, ಸರಿ!"

"ಬಡಿದ್ರೆ ನಿನ್ ತಲೆ ಹೋಗ್ತದೆ. ಬಿಟ್ಟಿದ್ದಕ್ಕೆ ನಂದೂ ಹೋಗ್ತದೆ. ನಂಗೂ ಮಕ್ಳವೆ ತಾಯಿ." ಅವನು ಅಡ್ಡ ನಿಂತು ಕೈಮುಗಿದ. ಮುಗಿದ ಕೈಯನ್ನು ದಾಟಿ ಹೋಗಲು ಓಬಕ್ಕನಿಗೂ ಮನಸ್ಸಾಗಲಿಲ್ಲ.

ಅವಳು ಮಹಾಮಂತ್ರಿಗಳ ಬಾಗಿಲಿಗೆ ಹೋದಳು, ಜರತಾರಿ ಚಪ್ಪಲಿ. ದಳವಾಯಿಗಳ ಬಾಗಿಲಿಗೆ ಹೋದಳು. ಮೆಟ್ಟಿದರೆ ಜೀರುಂಡೆಯ ಹಾಗೆ ಕಿರ್ರೆನ್ನುವ ಜೋಡು. ದೊರೆಯ ಬಾಗಿಲಲ್ಲಿ ಬೆಳ್ಳಿಯ ಪಾದುಕೆ. ಆ ದಿನ ಪಲ್ಲಂಗಪುರವನ್ನು ಆಳುತ್ತಿದ್ದವು ಚಪ್ಪಲಿಗಳೇ ಎಂದರೆ ನೀವು ನಂಬಬೇಕು, ಓದುಗ ಮಹಾಶಯರೇ.

ಅಷ್ಟರಲ್ಲಿ ಕೆಳಗಿನಿಂದ ಕೂಗು ಕೇಳಿಸಿತು. ಏರಿ ಒಡೆದಿತ್ತು. ಓಬಕ್ಕ ಬಿದ್ದೆನೋ ಎದ್ದೆನೋ ಎಂದು ಮನೆ ಕಡೆ ಓಡಿದಳು. ತಿಪ್ಪೇರುದ್ರ ಆಜ್ಞೆಯನ್ನೆಲ್ಲ ಮರೆತು ಕೀಲಿ ಸಾಹೇಬರ ಬಾಗಿಲಿಗೆ ಒದ್ದ. ಒಳಗೆ ಯಾರೂ ಇರಲಿಲ್ಲ. ಕುರ್ಚಿಯ ಮೇಲೆ ಬೆಕ್ಕು ಮಲಗಿತ್ತು. ಕೈಗೆಟುಕುವ ಗೂಟದಲ್ಲಿ ತೂಬಿನ ಕೀಲಿ ತೂಗುತ್ತಿತ್ತು.

ಕೆಳಗಿನ ಕೇರಿಯ ಜನ ಬಾಣಂತಿಯನ್ನೂ ಮಗುವನ್ನೂ ಹೊತ್ತುಕೊಂಡು ದಿಬ್ಬ ಹತ್ತಿದರು. ಮನೆಗಳು ಹತ್ತಲಿಲ್ಲ.

ನೀರು ಇಳಿದ ಮೇಲೆ ರಾಜ್ಯದ ಇತಿಹಾಸದಲ್ಲೇ ಮೊದಲ ಬಾರಿಗೆ ಜನರೆದುರು ಒಂದು ಮೀಟಿಂಗ್ ನಡೆಯಿತು. ಓಬಕ್ಕನನ್ನು ಕರೆಸಿದರು.

"ಏರಿ ಬಿರಿಯುತ್ತಿದೆ ಎಂದು ತಿಳಿದೂ ನೀನೇಕೆ ಬಾಗಿಲು ತಟ್ಟಲಿಲ್ಲ?" ಎಂದರು ಮಹಾಮಂತ್ರಿಗಳು.

"ತಟ್ಟಿದ್ರೆ ತಲೆ ಹೋಗ್ತದಂತಲ್ಲ ಸ್ವಾಮಿ."

"ಹೋಗುತ್ತಿತ್ತು, ಒಪ್ಪುತ್ತೇವೆ. ಆದರೆ ಕೆರೆ ಉಳಿಯುತ್ತಿತ್ತಲ್ಲವೇ? ಪ್ರಜೆಗಳಲ್ಲಿ ತ್ಯಾಗದ ಕೊರತೆ, ಮಹಾಪ್ರಭು!"

ಸಭೆ ಚಪ್ಪಾಳೆ ತಟ್ಟಿತು. ಕೀಲಿ ಸಾಹೇಬರಿಗೆ ಬಡ್ತಿ ಸಿಕ್ಕಿತು, ಬಾಗಿಲು ತಟ್ಟದೆ ಮುರಿದ ತಿಪ್ಪೇರುದ್ರನಿಗೆ ಶಿರಚ್ಛೇದದ ಬದಲು ಸೆರೆಮನೆ. ಇಂಥ ಪ್ರವಾಹದ ನಡುವೆಯೂ ಒಂದು ಕ್ಷಣ ಮೀಟಿಂಗ್ ಬಿಟ್ಟೇಳದ ಸುಖಾಸನವರ್ಮರಿಗೆ "ಮೀಟಿಂಗ್ ಸಾರ್ವಭೌಮ" ಎಂಬ ಬಿರುದು ಕೊಟ್ಟು, ತಲೆಗೆ ಹೊಸ ಕಿರೀಟ ಇಟ್ಟರು. ಕಿರೀಟದ ಖರ್ಚಿಗೆ ಮನೆಮನೆಗೂ ಮೀಟಿಂಗ್ ತೆರಿಗೆ ಬಿತ್ತು. ಮನೆ ಇಲ್ಲದವರು ಮನೆ ಇದ್ದ ಜಾಗಕ್ಕೆ ಕಟ್ಟಬೇಕು.

ತೆರಿಗೆಯವನು ದಿಬ್ಬದ ಮೇಲಿನ ಗುಡಿಸಲಿಗೆ ಬಂದಾಗ ಓಬಕ್ಕ ತಾಮ್ರದ ಹಂಡೆಯಲ್ಲಿ ಮಗಳಿಗೆ ಎರೆಯುವ ನೀರು ಕಾಯಿಸುತ್ತಿದ್ದಳು. ಹೊಳೆಯಂತೆ ನುಗ್ಗಿದ ನೀರಿನಲ್ಲಿ ಉಳಿದದ್ದು ಆ ಹಂಡೆಯೊಂದೇ.

"ಮೀಟಿಂಗ್‌ನಾಗಿದೀನಿ, ಆಮ್ಯಾಲೆ ಬಾ" ಎಂದಳು ಒಳಗಿಂದಲೇ.

"ಪರ್ಮಿಷನ್ ತಗಂಡಿದಿಯೇನಮ್ಮಾ? ನಿಮ್ಮಂಥೋರು ಪರ್ಮಿಷನ್ ಇಲ್ದೆ ಮೀಟಿಂಗ್ ಮಾಡಿದ್ರೆ ಅದನ್ನ ಗಲಾಟೆ ಅಂತೀವಿ."

"ಒಬ್ಬಳೇ ಕೂತಿದೀನಲ್ಲೋ, ಏನ್ ಗಲಾಟೆನೋ!"

"ಒಬ್ಬಳು ಸೇರಿದ್ರೂ ಗುಂಪೇ. ಅದಕ್ಕೆ ದಂಡ ಬೇರೆ."

ಅವನು ಕಾದ ನೀರನ್ನು ನೆಲಕ್ಕೆ ಚೆಲ್ಲಿ, ಹಂಡೆ ಹೊತ್ತುಕೊಂಡು ಹೋದ.

ಅಂದಿನ ಸಂಜೆಯ ಮೀಟಿಂಗಿನ ಟೀ ಆ ಹಂಡೆಯಲ್ಲೇ ಕುದಿಯಿತು. ಒಂದು ಗುಟುಕು ಕುಡಿದ ಸಾರ್ವಭೌಮರು ಸಕ್ಕರೆ ಕಡಿಮೆ ಎಂದು ಮುಖ ಸಿಂಡರಿಸಿದರು. ಮಹಾಮಂತ್ರಿಗಳು ತಕ್ಷಣ ಅರ್ಜೆಂಟ್ ಮೀಟಿಂಗ್ ಕರೆದು, ಸಕ್ಕರೆಗೆಂದು ಕೆಳಗಿನ ಕೇರಿಯ ಮೇಲೆ ಇನ್ನೊಂದು ತೆರಿಗೆ ಹಾಕಿದರು.