ಕಾರಣ ನಿರ್ಧಾರವಾಗದೆ ಹಲ್ಲು ಮುಟ್ಟತಕ್ಕದ್ದಲ್ಲ

ಮನುಷ್ಯನ ಬಾಯಲ್ಲಿ ಮೂವತ್ತೆರಡು ಹಲ್ಲುಗಳಿರುತ್ತವೆ ಎಂಬುದನ್ನು ದಂತಾರೋಗ್ಯ ಪ್ರಚಾರ ಕಚೇರಿ ಹದಿನೆಂಟು ವರ್ಷಗಳ ಹಿಂದೆಯೇ ಅಧಿಕೃತವಾಗಿ ಒಪ್ಪಿಕೊಂಡಿದೆ. ಅವುಗಳಲ್ಲಿ ಒಂದು, ಕೆಳದವಡೆಯ ಬಲಗಡೆ ಕೊನೆಯಿಂದ ಎರಡನೆಯದು, ಒಂದು ಸೋಮವಾರ ಬೆಳಿಗ್ಗೆ ಹತ್ತೂವರೆಗೆ ನೋಯತೊಡಗಿತು. ಹಲ್ಲಿನ ಒಡೆಯರು ಆ ಕಚೇರಿಯ ಕರಪತ್ರಗಳನ್ನೆಲ್ಲ ಬರೆಯುವ ಹಿರಿಯ ಬರಹಗಾರರು. ಎಲ್ಲರೂ ಅವರನ್ನು ಕರಪತ್ರದವರು ಎಂದೇ ಕರೆಯುತ್ತಿದ್ದರು.

'ಹಲ್ಲುನೋವು: ಕಾರಣಗಳು ಮತ್ತು ಚಿಕಿತ್ಸೆ' ಎಂಬ ನಾಲ್ಕು ಪುಟದ ಕರಪತ್ರ ಅವರದೇ. ಹನ್ನೊಂದು ಸಲ ಅಚ್ಚಾಗಿದೆ. ಅದರ ಕೊನೆಯ ಸಾಲು, 'ಭಯ ಬೇಡ, ತಡ ಬೇಡ, ಇಂದೇ ದಂತವೈದ್ಯರನ್ನು ಕಾಣಿರಿ.' ಬರೆದವರು ಮಾತ್ರ ಈವರೆಗೆ ಒಮ್ಮೆಯೂ ಕಂಡಿರಲಿಲ್ಲ. ದಂತವೈದ್ಯೆಯ ಕೋಣೆ ಅದೇ ಕಟ್ಟಡದ ನೆಲಮಹಡಿಯಲ್ಲಿತ್ತು. ಆ ಬಾಗಿಲನ್ನು ಹಾದುಹೋಗುವ ಕಷ್ಟ ಬೇಡವೆಂದು ಅವರು ಹದಿನೆಂಟು ವರ್ಷವೂ ಹಿಂಬದಿಯ ಮೆಟ್ಟಿಲು ಹತ್ತಿ ಬಂದಿದ್ದರು. ಯಾರಾದರೂ ಕೇಳಿದರೆ ವ್ಯಾಯಾಮ ಎನ್ನುತ್ತಿದ್ದರು.

ಕೆನ್ನೆ ಹಿಡಿದುಕೊಂಡು ಕೂತವರನ್ನು ಮುಖ್ಯಸ್ಥರು ನೋಡಿದರು.

"ಏನ್ರೀ, ಹಲ್ಲಾ? ಕೆಳಗೇ ಡಾಕ್ಟರಿದ್ದಾರಲ್ಲ, ಹೋಗಿ ಬನ್ನಿ. ಹತ್ತು ನಿಮಿಷ."

ಕರಪತ್ರದವರ ಜೀವ ಬಾಯಿಗೆ ಬಂತು. ನೋವು ಮೊದಲೇ ಅಲ್ಲಿತ್ತು. ಇಂಥ ಹೊತ್ತಿನಲ್ಲಿ ಅವರ ತಲೆ ಓಡುವಷ್ಟು ಚುರುಕಾಗಿ ಬೇರೆ ಯಾವ ಕೆಲಸಕ್ಕೂ ಓಡುತ್ತಿರಲಿಲ್ಲ.

"ಹೋಗಬಹುದು ಸಾರ್. ಆದರೆ ಕಾರಣ ಗೊತ್ತಾಗದೆ ಚಿಕಿತ್ಸೆ ಹೇಗೆ? ನಮ್ಮ ಕರಪತ್ರದಲ್ಲೇ ಇದೆಯಲ್ಲ, ಎರಡನೇ ಪುಟ, ಮೂರನೇ ಸಾಲು. 'ಮೊದಲು ಕಾರಣ, ಆಮೇಲೆ ಚಿಕಿತ್ಸೆ.'"

ಮುಖ್ಯಸ್ಥರು ಆ ಕರಪತ್ರವನ್ನು ಹನ್ನೊಂದು ಸಲ ಬಿಡುಗಡೆ ಮಾಡಿದವರು, ಒಂದು ಸಲವೂ ಓದಿದವರಲ್ಲ. ಹಾಗಾಗಿ ಅದನ್ನು ವಿರೋಧಿಸುವ ಧೈರ್ಯ ಅವರಿಗಿರಲಿಲ್ಲ. ಮಧ್ಯಾಹ್ನದೊಳಗೆ ನಾಲ್ಕು ಜನರ ಕಾರಣ ನಿರ್ಧಾರಣಾ ಸಮಿತಿ ನೇಮಕವಾಯಿತು: ಮುಖ್ಯಸ್ಥರು, ಉಗ್ರಾಣದವರು, ಕ್ಯಾಂಟೀನಿನವರು, ಮತ್ತು ಸಂಚಾಲಕರಾಗಿ ಹಲ್ಲಿನ ಒಡೆಯರು. ಸಮಿತಿಯ ಮೊದಲ ನಿಯಮವನ್ನು ಕರಪತ್ರದವರೇ ಬರೆದರು. 'ನನ್ನ ಹಲ್ಲನ್ನು' ಎಂದು ಬರೆದರೆ ಸ್ವಾರ್ಥ ಎದ್ದು ಕಾಣುತ್ತದೆಂದು ಸ್ವಲ್ಪ ವಿಶಾಲ ಮನಸ್ಸಿನಿಂದ ಹೀಗೆ ಬರೆದರು:

'ನೋವಿನ ಕಾರಣವು ಸರ್ವಾನುಮತದಿಂದ ನಿರ್ಧಾರವಾಗುವವರೆಗೆ ಈ ಕಟ್ಟಡದಲ್ಲಿ ಯಾರ ಯಾವ ಹಲ್ಲನ್ನೂ ಮುಟ್ಟತಕ್ಕದ್ದಲ್ಲ.'

ಸಹಿ ಮಾಡಿದರು. ಅದರ ಪ್ರತಿಯನ್ನು ದಂತವೈದ್ಯೆಯ ಬಾಗಿಲಿಗೆ ಅಂಟಿಸಲಾಯಿತು.

ಮೊದಲ ಸಭೆಯಲ್ಲಿ ಎಲ್ಲರೂ ಸರದಿಯಂತೆ ಸಂಚಾಲಕರ ಬಾಯಿಗೆ ಟಾರ್ಚ್ ಬಿಟ್ಟು ನೋಡಿದರು. ಹಲ್ಲಿನ ನಡುವೆ ಕಪ್ಪು ಗುಳಿಯೊಂದು ಎಲ್ಲರಿಗೂ ಕಂಡಿತು. ಆದರೆ ಕಂಡದ್ದು ಬೇರೆ, ನಿರ್ಧಾರವಾಗುವುದು ಬೇರೆ. ಕರಪತ್ರದ ಪಟ್ಟಿಯಂತೆ ಮೊದಲ ಕಾರಣ, ಸಿಹಿ ತಿಂದು ಬಾಯಿ ತೊಳೆಯದೆ ಹಲ್ಲು ಹುಳುಕಾಗುವುದು.

"ನಮ್ಮ ಬಿಸ್ಕತ್ತನ್ನ ದಿನಾ ಆರು ತಿಂತಾರೆ ಇವರು. ಸಿಹಿಯಿಂದ ಅಂತ ಕಾಗದದ ಮೇಲೆ ಬಂದ್ರೆ ನಾನು ಕ್ಯಾಂಟೀನ್ ಮುಚ್ಕೊಂಡು ಹೋಗ್ಬೇಕು," ಎಂದರು ಕ್ಯಾಂಟೀನಿನವರು. ಸಿಹಿಯನ್ನು ಕೈಬಿಡಲಾಯಿತು.

ಎರಡನೆಯದು, ಒರಟು ಬ್ರಷ್ಷಿನಿಂದ ಉಜ್ಜಿ ಒಸಡು ಸವೆಯುವುದು. ಉಗ್ರಾಣದವರು ಎದ್ದು ನಿಂತು, ತಾವು ಈ ವರ್ಷ ತರಿಸಿದ ಆರುನೂರು ಬ್ರಷ್‌ಗಳ ಬಗ್ಗೆ ಇಂಥ ಮಾತು ಬಂದದ್ದು ತಮಗೆ ನೋವು ತಂದಿದೆ ಎಂದರು. ಅವು ಬೂಟು ಉಜ್ಜುವ ಬ್ರಷ್‌ಗಳೆಂಬುದು ಅಂದಿನ ಸಭೆಯ ವಿಷಯವಾಗಿರಲಿಲ್ಲ. ಒಸಡನ್ನೂ ಕೈಬಿಡಲಾಯಿತು.

ಮೂರನೆಯದು, ಕೆಲಸದ ಒತ್ತಡದಿಂದ ನಿದ್ದೆಯಲ್ಲಿ ಹಲ್ಲು ಕಡಿಯುವುದು.

"ನಮ್ಮ ಕಚೇರೀಲಿ ಒತ್ತಡ ಇದೆಯೇನ್ರೀ?" ಎಂದು ಮುಖ್ಯಸ್ಥರು ಮೇಜು ಗುದ್ದಿ ಕೇಳಿದರು. ಮೂವರೂ ಬೆಚ್ಚಿಬಿದ್ದು ಇಲ್ಲ ಎಂದರು. ನಾಲ್ಕನೆಯದಾದ ಮೂಗಿನ ಪಕ್ಕದ ಸೈನಸ್ ಗೂಡುಗಳ ಸೋಂಕು ಬೇರೆ ಕಚೇರಿಗೆ ಸೇರಿದ್ದಾದ್ದರಿಂದ ಅವರಿಗೆ ಪತ್ರ ಬರೆಯಲು ತೀರ್ಮಾನವಾಯಿತು. ಕರಪತ್ರದವರಿಗೆ ತಲೆಯ ಅರ್ಧಭಾಗ ಸಿಡಿಯುತ್ತಿತ್ತು. ಆದರೂ ತೀರ್ಮಾನ ಮುಂದಕ್ಕೆ ಹೋದಾಗಲೆಲ್ಲ ಮನಸ್ಸಿನ ಮೂಲೆಯಲ್ಲಿ ಏನೋ ಹಗುರವಾಗುತ್ತಿತ್ತು. ತಮ್ಮ ಈ ಗುಣ ಅವರಿಗೇ ಚೆನ್ನಾಗಿ ಗೊತ್ತಿತ್ತು.

ಸಂಜೆ ಮನೆಯಲ್ಲಿ ಹೆಂಡತಿ ಬೆಚ್ಚಗಿನ ಉಪ್ಪುನೀರು ತಂದಿಟ್ಟು, ನೋಯುವ ಹಲ್ಲಿಗೆ ಒತ್ತಿಕೊಳ್ಳಲು ಲವಂಗ ಕೊಟ್ಟು, ಅವರ ಕರಪತ್ರವನ್ನೇ ಜೋರಾಗಿ ಓದಿದಳು.

"'ಉಪ್ಪುನೀರು, ಲವಂಗ, ನೋವಿನ ಮಾತ್ರೆ ಇವು ಕ್ಷಣಿಕ ಶಮನ ಮಾತ್ರ. ಹುಳುಕು ತಾನಾಗಿ ಎಂದೂ ಗುಣವಾಗದು.' ಎಷ್ಟು ಚೆನ್ನಾಗಿ ಬರೆದಿದ್ದೀರಿ ರೀ!"

ಯಾರೋ ಮಹಾ ಧೈರ್ಯವಂತ ಬರೆದಿರಬೇಕು ಅಂತ ಅವರಿಗೂ ಅನ್ನಿಸಿತು.

"ನಾಳೆ ನಾನೇ ಕರ್ಕೊಂಡು ಹೋಗ್ಲಾ?"

"ನಿಯಮ ಇದೆ ಕಣೇ, ಹಲ್ಲು ಮುಟ್ಟೋ ಹಾಗಿಲ್ಲ."

"ಯಾರು ಮಾಡಿದ್ದು?"

"ಸಮಿತಿ."

"ಸಮಿತಿ ಅಂದ್ರೆ ಯಾರು?"

ಅವರು ಬಾಯ್ತುಂಬ ಉಪ್ಪುನೀರು ತುಂಬಿಕೊಂಡರು. ಬಾಯಿ ಮುಕ್ಕಳಿಸುವವನನ್ನು ಯಾರೂ ಉತ್ತರ ಕೇಳುವುದಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ನೋವು ಕಿವಿಗೆ ಹತ್ತಿತು. ಕಣ್ಣಲ್ಲಿ ನೀರು ಬಂತು. ಹೆದರಿಕೆಗಿಂತ ನೋವು ಒಂದು ಕೂದಲೆಳೆಯಷ್ಟು ಹೆಚ್ಚಾದ ಆ ಗಳಿಗೆಯಲ್ಲಿ ಕರಪತ್ರದವರು ಮುಂಬಾಗಿಲಿನಿಂದಲೇ ಒಳಗೆ ಬಂದರು. ದಂತವೈದ್ಯೆಯ ಕೋಣೆಯ ಹೊರಗಿನ ಬೆಂಚಿನ ಮೇಲೆ ಒಂಬತ್ತು ಜನ ಕೆನ್ನೆಗೆ ಕೈಯಾನಿಸಿ ಕೂತಿದ್ದರು. ಮೊದಲು ಒಬ್ಬ ಅಜ್ಜಿ, ಪಕ್ಕದಲ್ಲಿ ಒಬ್ಬ ದರ್ಜಿ. ಒಂದು ವಾರದಿಂದ ದಿನಾ ಬಂದು ಕೂತು ಹೋಗುತ್ತಿದ್ದರಂತೆ. ತಾವು ಬರೆದ 'ಯಾರ ಯಾವ ಹಲ್ಲನ್ನೂ' ಅಂದರೆ ಇವರೇ ಅಂತ ಹೊಳೆದು ಅವರಿಗೆ ನಾಚಿಕೆಯಾಯಿತು. ತಲೆ ತಗ್ಗಿಸಿಕೊಂಡು ಒಳಗೆ ಹೋದರು.

ದಂತವೈದ್ಯೆ ಒಂದು ಮೊಳ ದೂರದಲ್ಲಿ ನಿಂತು ಅವರ ಬಾಯಿಗೆ ಬೆಳಕು ಹಾಯಿಸಿದರು.

"ಮುಟ್ಟಬಾರದು ಅಂತಿದೆ, ನೋಡಬಾರದು ಅಂತಿಲ್ಲ. ಹುಳುಕು ಸಾರ್, ನರದ ಹತ್ತಿರ ಹೋಗಿದೆ. ಇವತ್ತು ಶುರು ಮಾಡಿದ್ರೆ ಹಲ್ಲು ಉಳಿಸ್ತೀನಿ. ಮರಗಟ್ಟೋ ಇಂಜೆಕ್ಷನ್ ಕೊಟ್ಟಮೇಲೆ ಏನೂ ಗೊತ್ತಾಗಲ್ಲ. ಇನ್ನೂ ಬಿಟ್ರೆ ಕೀವು ತುಂಬುತ್ತೆ, ಆಮೇಲೆ ಕೀಳೋದೇ."

"ಆದರೆ ನಿಯಮ..."

"ಸಹಿ ಯಾರದು ನೋಡಿ ಅದರಲ್ಲಿ."

ನೋಡುವ ಅಗತ್ಯವಿರಲಿಲ್ಲ. ದಂತವೈದ್ಯೆ ಬಾಗಿಲಿನಿಂದ ಆ ಹಾಳೆಯನ್ನೇ ಬಿಡಿಸಿ ತಂದು, ಮೇಲೊಂದು ಪೆನ್ನಿಟ್ಟರು. "ನೀವೇ ಸಂಚಾಲಕರು. ರದ್ದು ಅಂತ ಒಂದು ಸಾಲು ಬರೀರಿ ಸಾಕು. ನಿಮ್ಮ ಹಲ್ಲೂ ಉಳಿಯುತ್ತೆ, ಹೊರಗಿರೋರಿಗೂ ಉಪಕಾರ ಆಗುತ್ತೆ. ಬನ್ನಿ, ಕುರ್ಚಿ ಖಾಲಿ ಇದೆ."

ಕರಪತ್ರದವರು ಪೆನ್ನು ತೆಗೆದುಕೊಂಡರು. ಬರೆಯುವ ಮೊದಲು ಒಮ್ಮೆ ಕುರ್ಚಿಯತ್ತ ನೋಡಿದ್ದೇ ತಪ್ಪಾಯಿತು. ಅದು ಅಂಗಾತ ಮಲಗಿ ಕಾಯುತ್ತಿತ್ತು. ಪಕ್ಕದ ತಟ್ಟೆಯಲ್ಲಿ ತುದಿ ಬಾಗಿದ ಐದು ಉಪಕರಣಗಳಿದ್ದವು. ಅವರು ಎಣಿಸಿದರು, ಐದೇ. ಆಶ್ಚರ್ಯವೆಂದರೆ ಆ ಕ್ಷಣಕ್ಕೆ ಹಲ್ಲುನೋವು ಪೂರ್ತಿ ನಿಂತುಹೋಗಿತ್ತು. ಅವರು ಗುಂಡು ಗುಂಡಾದ ಅಕ್ಷರದಲ್ಲಿ ಬರೆದರು:

'ಮೇಲ್ಕಂಡ ನಿಯಮವನ್ನು ಮುಂದಿನ ಆದೇಶದವರೆಗೆ ವಿಸ್ತರಿಸಲಾಗಿದೆ.'

ದಂತವೈದ್ಯೆ ಅದನ್ನು ಎರಡು ಸಲ ಓದಿದರು. ಆಮೇಲೆ ತಾವೇ ಆ ಕುರ್ಚಿಯಲ್ಲಿ ಕೂತುಬಿಟ್ಟರು.

ಹೊರಗೆ ಬೈಗುಳ ತಿನ್ನಲು ಸಿದ್ಧರಾಗಿಯೇ ಕರಪತ್ರದವರು ಬಂದರು. ತಿನ್ನಬೇಕಾದ್ದೇ ಅಂತ ಅವರ ಮನಸ್ಸೂ ಹೇಳುತ್ತಿತ್ತು.

"ಏನಾಯ್ತು ಸಾರ್?" ದರ್ಜಿ ಅರ್ಧ ಎದ್ದು ಕೇಳಿದ.

"ಕ್ಷಮಿಸಿ. ಇವತ್ತೂ ಇಲ್ಲ. ಯಾವಾಗ ಅಂತ ಹೇಳೋಕಾಗಲ್ಲ."

ಬೆಂಚಿನ ಮೇಲಿದ್ದ ಒಂಬತ್ತು ಜನರೂ ಒಟ್ಟಿಗೆ ಉಸಿರು ಬಿಟ್ಟರು.

"ನಿಜವಾಗ್ಲೂ ಇಲ್ವಾ?" ಅಜ್ಜಿಯ ಮುಖ ಅರಳಿತು. "ನಿನ್ನ ಹೊಟ್ಟೆ ತಣ್ಣಗಿರಲಪ್ಪ! ಮನೇಲಿ ಸೊಸೆ ದಿನಾ ದಬ್ಬಿ ಕಳಿಸ್ತಾಳೆ. ನಾನು ಹೋದೆ, ಅವರೇ ಮುಟ್ಟಲಿಲ್ಲ ಅಂದ್ರೆ ಅವಳೂ ಸುಮ್ನಾಗ್ತಾಳೆ."

"ಇಷ್ಟು ಜನಪರವಾದ ನಿಯಮ ನಾನು ನೋಡೇ ಇಲ್ಲ," ಎಂದ ದರ್ಜಿ. ಎಲ್ಲರೂ ಸರಿದು ಕೂತು ಅವರಿಗೂ ಜಾಗ ಮಾಡಿಕೊಟ್ಟರು. ಕರಪತ್ರದವರು ತಮ್ಮ ಜನರ ನಡುವೆ ಕೂತು ಕೆನ್ನೆಗೆ ಕೈ ಹಚ್ಚಿದರು. ನೋವು ವಾಪಸು ಬಂತು.

ಇಪ್ಪತ್ತು ದಿನಗಳ ನಂತರ, ಚಹಾದಲ್ಲಿ ಅದ್ದಿದ ಬಿಸ್ಕತ್ತು ಕಚ್ಚುವಾಗ ಹಲ್ಲು ಅರ್ಧಕ್ಕೆ ಮುರಿಯಿತು. ಮುರಿದ ಚೂರನ್ನು ಲಕೋಟೆಯಲ್ಲಿ ಹಾಕಿ ಕಡತಕ್ಕೆ ಸೇರಿಸಲಾಯಿತು. ಉಳಿದರ್ಧ ಬೇರಿನ ಸಮೇತ ಒಸಡಿನಲ್ಲೇ ಮಿಡಿಯುತ್ತಿತ್ತು, ಆದರೆ ಅರ್ಧ ಹಲ್ಲನ್ನು ಹಲ್ಲೆಂದು ಪರಿಗಣಿಸಲು ಅವಕಾಶವಿಲ್ಲವೆಂದು ಸಮಿತಿ ಅಭಿಪ್ರಾಯಪಟ್ಟಿತು. ಕ್ಯಾಂಟೀನಿಗೂ ಉಗ್ರಾಣಕ್ಕೂ ಕಚೇರಿಗೂ ಕಳಂಕ ತಾರದ ಕಾರಣವೊಂದು ಕೊನೆಗೂ ಸರ್ವಾನುಮತದಿಂದ ಸಿಕ್ಕಿತು: ಹಲ್ಲುನೋವಿಗೆ ಕಾರಣ, ಹಲ್ಲು ಇದ್ದದ್ದು.

ಚಪ್ಪಾಳೆ ಮುಗಿಯುವ ಮೊದಲೇ ಕರಪತ್ರದವರಿಗೆ ತಾವು ಬರೆದ ನಿಯಮ ನೆನಪಾಯಿತು. ಕಾರಣ ನಿರ್ಧಾರವಾದರೆ ಮೂಲ ನಿಯಮ ಬಿದ್ದುಹೋಗುತ್ತದೆ, ಅದರ ವಿಸ್ತರಣೆಯೂ ಜೊತೆಗೇ. ಕೆಳಗೆ ಬೆಂಚಿನವರು ಆಗಲೇ ನಿಯಮ ಉಳಿಸಿಕೊಡಿ ಎಂದು ಅರ್ಜಿ ಬರೆದು ಸಹಿ ಹಾಕುತ್ತಿದ್ದರು.

"ಸಾರ್," ಅವರು ಎದ್ದು ಊದಿದ ಕೆನ್ನೆಯ ಒಳಗಿನಿಂದಲೇ ನುಡಿದರು, "ಇದು ಒಂದು ಹಲ್ಲಿನ ಕಾರಣ. ಒಂದರ ಕಾರಣವನ್ನ ಇನ್ನೊಂದರ ಮೇಲೆ ಹೊರಿಸೋದು ನ್ಯಾಯ ಅಲ್ಲ. ಉಳಿದ ಮೂವತ್ತೊಂದನ್ನೂ ಒಂದೊಂದಾಗಿ ವಿಚಾರಿಸಬೇಕು."

ಯಾರೂ ಆಕ್ಷೇಪಿಸಲಿಲ್ಲ. ಪಕ್ಕದ ಹಲ್ಲಿಗೆ ಹೊಸ ಕಡತ ತೆರೆಯಲಾಯಿತು. ಕರಪತ್ರದ ಹನ್ನೆರಡನೆಯ ಮುದ್ರಣ ಮುಂದಿನ ತಿಂಗಳೇ ಹೊರಬಂತು. ಕ್ಷೇತ್ರ ಪರಿಶೀಲನೆಯ ಆಧಾರದ ಮೇಲೆ ಅದರ ಮೊದಲ ಸಾಲನ್ನು ಮಾತ್ರ ತಿದ್ದಲಾಗಿದೆ: 'ಮನುಷ್ಯನ ಬಾಯಲ್ಲಿ ಮೂವತ್ತೊಂದು ಹಲ್ಲುಗಳಿರುತ್ತವೆ.' ಪ್ರತಿ ಕೈಗೆ ಬಂದ ದಿನ ದಂತವೈದ್ಯೆ ತಮ್ಮ ಗೋಡೆಯ ಮೇಲಿನ ದೊಡ್ಡ ದಂತಪಂಕ್ತಿಯ ಚಿತ್ರದ ಮುಂದೆ ಸ್ಟೂಲ್ ಹಾಕಿ ಹತ್ತಿ, ಕೆಳದವಡೆಯ ಬಲಗಡೆ ಕೊನೆಯಿಂದ ಎರಡನೆಯ ಹಲ್ಲಿನ ಮೇಲೆ ಒಂದು ಚೂರು ಕಾಗದ ಅಂಟಿಸಿ ಅದನ್ನು ಮುಚ್ಚಿದರು.