ಸೈರಕಾನ್ ಅಕ್ಕ ಬಚ್ಚಿಟ್ಟ ದೋಷ

ವಯಸ್ಸು ಅರವತ್ತರ ಆಸುಪಾಸು. ಬೂಟು ಹಳೆಯದು, ಆದರೆ ಪಾಲಿಶ್ ಕಂಡದ್ದು. ತಲೆಗೆ ಕಟ್ಟಿದ ಉಣ್ಣೆಯ ವಸ್ತ್ರ ದುಬಾರಿಯದು, ಖಂಡಿತ ಯಾರೋ ಉಡುಗೊರೆ ಕೊಟ್ಟಿರಬೇಕು. ಬೆರಳ ತುದಿಯಲ್ಲಿ ಸೀಮೆಸುಣ್ಣ ತಿಂದ ಬಿರುಕು, ಅಂದರೆ ನಿವೃತ್ತ ಮೇಡಂ. ಮುಖದಲ್ಲಿ ಮಾತ್ರ ಒಂದಿಷ್ಟೂ ಅವಸರವಿಲ್ಲ. ಅವಸರವಿಲ್ಲದೆ ಹಳೇ ಗಾಡಿ ಮಾರಲು ನಿಂತವರನ್ನು ಕಂಡರೆ ನನ್ನ ಕೈ ತಾನಾಗಿ ಜೇಬು ಮುಚ್ಚಿಕೊಳ್ಳುತ್ತದೆ. ಸೈರಕಾನ್ ಅಕ್ಕನನ್ನು ಹೀಗೆ ಎರಡು ನಿಮಿಷದಲ್ಲಿ ತೂಗಿ, ಬೆಲೆ ಕಟ್ಟಿ, ಬದಿಗಿಟ್ಟೆ.

ಓಶ್ ಪೇಟೆಯಲ್ಲಿ ಮೂವತ್ತು ವರ್ಷ ಒಣ ಜರ್ದಾಳು ಮಾರಿದವನು ನಾನು, ಮಾಮಸಾಲಿ. ಮೂಟೆಯ ಬಾಯಲ್ಲಿ ಬಂಗಾರ, ಬುಡದಲ್ಲಿ ಕಲ್ಲು ತುಂಬುವ ವಿದ್ಯೆಯನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾಲ್ಕು ಜನ ನನ್ನ ಹತ್ತಿರವೇ ಕಲಿತಿದ್ದಾರೆ. ಆದ್ದರಿಂದ ಆ ಶನಿವಾರ ಬೆಳಿಗ್ಗೆ ಕಾರು ಸಂತೆಗೆ ಹೊರಡುವಾಗ ಹೆಂಡತಿ ಬುರುಲ್ ಮುಂದೆ ಎದೆಯುಬ್ಬಿಸಿ ಘೋಷಿಸಿದ್ದೆ: "ಹಳೇ ಗಾಡಿಯಲ್ಲಿ ನನಗೆ ಟೋಪಿ ಹಾಕುವ ಗಂಡು ಈ ಕಣಿವೆಯಲ್ಲಿ ಹುಟ್ಟಿಲ್ಲ!"

"ಹೆಣ್ಣು?" ಎಂದಳು ಬುರುಲ್, ತೊಟ್ಟಿಲಿಗೆ ಹಗ್ಗ ಬಿಗಿಯುತ್ತ.

ತೊಟ್ಟಿಲಿನ ಸಂಗತಿ ಹೇಳಬೇಕು. ಅಲಾಯ್ ಬೆಟ್ಟದಾಚೆ ಕೊಟ್ಟ ನಮ್ಮ ಮಗಳು ಅಯ್ಪೇರಿಗೆ ಚೊಚ್ಚಲ ಗಂಡುಮಗು. ಭಾನುವಾರ ತೊಟ್ಟಿಲು ಶಾಸ್ತ್ರ. ನಮ್ಮಲ್ಲಿ ಆ ತೊಟ್ಟಿಲು ತಾಯಿಯ ತವರಿನಿಂದಲೇ ಹೋಗಬೇಕು. ಹೋಗದಿದ್ದರೆ ಬೀಗರು ಬಾಯಿ ಬಿಟ್ಟು ಏನೂ ಅನ್ನುವುದಿಲ್ಲ, ಮುಂದಿನ ಇಪ್ಪತ್ತು ವರ್ಷ ನಮ್ಮ ಮಗಳ ಮುಖ ನೋಡಿ ನಿಟ್ಟುಸಿರು ಬಿಡುತ್ತಾರೆ, ಅಷ್ಟೆ. ನಮ್ಮ ಹಳೆಯ ಗಾಡಿ ಬುಧವಾರ ಪ್ರಾಣ ಬಿಟ್ಟಿತ್ತು. ಘಟ್ಟದ ಮೇಲೆ ಹಿಮದ ಮೋಡ ಕಟ್ಟಿತ್ತು. ಅಂದೇ ಗಾಡಿ ಕೊಂಡು ಅಂದೇ ಘಟ್ಟ ದಾಟಬೇಕು.

ಹಳೇ ಗಾಡಿಯ ಬಗ್ಗೆ ನನ್ನ ಜ್ಞಾನ ಅಪಾರ. ಇಂಜಿನ್ ತೊಳೆದಿದ್ದರೆ ಎಣ್ಣೆ ಸೋರುತ್ತದೆ. ತೊಳೆಯದಿದ್ದರೆ ತೊಳೆಯಲೂ ನಾಚಿಕೆಯಾಗುವಷ್ಟು ಸೋರುತ್ತದೆ. ಮೀಟರ್ ಕಡಿಮೆ ತೋರಿಸಿದರೆ ಹಿಂದಕ್ಕೆ ತಿರುಗಿಸಿದ್ದಾರೆ; ಹೆಚ್ಚು ತೋರಿಸಿದರೆ ನಂಬಿಕೆ ಹುಟ್ಟಲೆಂದು ಮುಂದಕ್ಕೆ ತಿರುಗಿಸಿದ್ದಾರೆ. ಈ ಜ್ಞಾನದ ಮುಂದೆ ಯಾವ ಗಾಡಿಯೂ ಪಾಸಾಗುವುದಿಲ್ಲವಲ್ಲ ಎಂದು ಬುರುಲ್ ಒಮ್ಮೆ ಕೇಳಿದ್ದಳು. ಅದೇ ಅದರ ಹೆಚ್ಚುಗಾರಿಕೆ ಎಂದಿದ್ದೆ.

ಸೈರಕಾನ್ ಅಕ್ಕ ನಾನು ಕೇಳುವ ಮೊದಲೇ ತನ್ನ ಬಿಳಿ ಗಾಡಿಯ ದೋಷಗಳನ್ನು ಪಾಠ ಒಪ್ಪಿಸುವಂತೆ ಒಪ್ಪಿಸಿದಳು. ಹೀಟರು ಬಿಸಿಯಾಗಲು ಅರ್ಧ ಗಂಟೆ ಬೇಕು. ಹಿಂದಿನ ಎಡಬಾಗಿಲು ಒಳಗಿನಿಂದ ತೆರೆಯುವುದಿಲ್ಲ. ಚಳಿಗೆ ಎರಡನೇ ಗೇರು ಮುನಿಸಿಕೊಳ್ಳುತ್ತದೆ.

ನನ್ನ ಕಿವಿ ನಿಮಿರಿತು. ಮಾರುವವರು ಮೂರು ದೋಷ ಬಿಟ್ಟಿ ಕೊಡುತ್ತಾರೆಂದರೆ ಮೂವತ್ತು ಬಚ್ಚಿಟ್ಟಿದ್ದಾರೆಂದೇ ಅರ್ಥ!

ಆಯಸ್ಕಾಂತ ತೆಗೆದೆ. ಅಪಘಾತವಾಗಿ ಪುಟ್ಟಿ ಮೆತ್ತಿ ಬಣ್ಣ ಬಳಿದ ಕಡೆ ಅದು ಅಂಟುವುದಿಲ್ಲ. ಅದು ಗಾಡಿಯ ಉದ್ದಗಲಕ್ಕೂ ಮಗುವಿನಂತೆ ಅಂಟಿಕೊಂಡಿತು. ಆಗ ನೆನಪಾಯಿತು, ಆಯಸ್ಕಾಂತ ಕೊಂಡದ್ದೂ ಇದೇ ಸಂತೆಯಲ್ಲಿ. ಎಲ್ಲ ಒಂದೇ ಗುಂಪು.

ಒಳಗೆ ಮೂಗು ತೂರಿಸಿದೆ. ಹೊಗೆಯ ವಾಸನೆ. ದೃಷ್ಟಿ ತಾಗದಿರಲೆಂದು ಸೊಪ್ಪಿನ ಹೊಗೆ ಹಾಕಿದ್ದೆ ಎಂದಳು ಅಕ್ಕ. ನಮ್ಮ ಮನೆಯಲ್ಲೂ ವಾರಕ್ಕೊಮ್ಮೆ ಹಾಕುತ್ತೇವೆ. ಆದರೆ ಸುಟ್ಟ ವೈರಿನ ವಾಸನೆ ಮುಚ್ಚಲು ಅದಕ್ಕಿಂತ ಒಳ್ಳೆಯ ಸೊಪ್ಪು ಯಾವುದಿದೆ?

ಬಗ್ಗಿ ನೋಡಿದೆ. ಚಕ್ರದ ಒಳಮಗ್ಗುಲಲ್ಲಿ ಒಣಗಿದ ರಕ್ತದ ಕಲೆ.

"ಇದೇನಕ್ಕಾ?"

"ಗಾಡಿ ಮನೆಗೆ ಬಂದ ದಿನ ಕುರಿ ಕಡಿದೆವು. ಎಲ್ಲರೂ ಮಾಡುವ ಹಾಗೆ ಚಕ್ರಕ್ಕೆ ಹಚ್ಚಿದೆವು."

"ಕುರಿ ಆಗ ಅಂಗಳದಲ್ಲಿತ್ತೋ, ರಸ್ತೆ ದಾಟುತ್ತಿತ್ತೋ?"

ಅಕ್ಕ ನನ್ನನ್ನು ಕೊನೆಯ ಬೆಂಚಿನ ಹುಡುಗನನ್ನು ನೋಡುವಂತೆ ನೋಡಿ, ಬುರುಲ್ ಕಡೆ ತಿರುಗಿದಳು. "ಇವರು ಯಾವಾಗಲೂ ಹೀಗೆಯೇನಮ್ಮ?"

"ಮದುವೆಯಲ್ಲಿ ನನ್ನ ಹಲ್ಲು ಎಣಿಸಿದ್ದರು," ಎಂದಳು ಬುರುಲ್.

ಇನ್ನು ಉಳಿದದ್ದು ಗಾಡಿಯ ಹೊಟ್ಟೆ. ಕೋಟು ಬಿಚ್ಚಿ ಬೇಲಿಗೆ ನೇತುಹಾಕಿ ಕೆಳಗೆ ನುಸುಳಿದೆ. ಕಾಲು ಗಂಟೆ ಹುಡುಕಿದೆ. ಏನೂ ಸಿಗಲಿಲ್ಲ. ಏನೂ ಸಿಗದಷ್ಟು ಜಾಣತನದಿಂದ ಬಚ್ಚಿಟ್ಟಿದ್ದಾಳಲ್ಲ ಎಂದು ಬೆರಗಾದೆ. ಅಷ್ಟರಲ್ಲಿ ಹೊರಗೆ ದಲ್ಲಾಳಿ ಎರ್ಗೆಶ್‌ನ ಬೂಟು ಕಾಣಿಸಿತು, ಚಪ್ಪಾಳೆಯಂಥ ಸದ್ದು ಕೇಳಿಸಿತು. ನಮ್ಮ ಸಂತೆಯ ಪದ್ಧತಿ ಗೊತ್ತಲ್ಲ, ದಲ್ಲಾಳಿ ಇಬ್ಬರ ಕೈಯನ್ನೂ ಸೇರಿಸಿ ತೋಳು ಕಳಚುವಂತೆ ಮೂರು ಸಲ ಕುಲುಕಿದನೆಂದರೆ ಮುಗಿಯಿತು. ಆಮೇಲೆ ತಪ್ಪಿದವರಿಗೆ ಸಂತೆಯಲ್ಲಿ ಯಾರೂ ಚಹಾ ಕೂಡ ಕೊಡುವುದಿಲ್ಲ.

ತೆವಳಿ ಹೊರಬಂದೆ. ಅಕ್ಕನ ಕೈ ಹಿಡಿದು ನಿಂತಿದ್ದವಳು ಬುರುಲ್.

"ನೀವು ಗಾಡಿ ನೋಡಿದಿರಿ, ನಾನು ಅವರನ್ನು ನೋಡಿದೆ. ಹತ್ತಿ, ಹೊತ್ತಾಯಿತು," ಎಂದಳು. ನನ್ನ ಮೈಯಲ್ಲಿ ಸಿಟ್ಟು ಎಷ್ಟು ಕುದಿಯುತ್ತಿತ್ತೆಂದರೆ ಹೀಟರು ಬೇಕಾಗಲೇ ಇಲ್ಲ. ತೊಟ್ಟಿಲನ್ನು ಗಾಡಿಯ ತಲೆಗೆ ಕಟ್ಟಿ ಹೊರಟೆ.

ಗುಲ್ಚಾ ಊರು ದಾಟುವ ಮೊದಲೇ ಬುರುಲ್‌ಳ ಫೋನು ಬಡಿದುಕೊಳ್ಳತೊಡಗಿತು. ಸೈರಕಾನ್ ಅಕ್ಕ! ನಾನು ಗಾಡಿಯ ಕೆಳಗಿದ್ದಾಗ ಬುರುಲ್ ಅವಳಿಗೆ ನಂಬರನ್ನೂ ತೊಟ್ಟಿಲಿನ ಕಥೆಯನ್ನೂ ಕೊಟ್ಟಿದ್ದಳಂತೆ. ಎತ್ತಬೇಡ ಎಂದೆ. ಮಾರಿದ ಮೇಲೆ ಫೋನು ಮಾಡುವವರು ಒಂದೋ ಬೆಲೆ ಕಡಿಮೆಯಾಯಿತು ಅನ್ನುತ್ತಾರೆ, ಇಲ್ಲ ಗಾಡಿ ವಾಪಸು ಕೇಳುತ್ತಾರೆ. ಏಳು ಸಲ ಬಂತು. ಎಂಟನೆಯ ಸಲಕ್ಕೆ ಫೋನನ್ನೇ ಕಸಿದು ಆರಿಸಿ ನನ್ನ ತೊಡೆಯ ಕೆಳಗಿಟ್ಟುಕೊಂಡೆ. ಗಾಡಿ ಮಾತ್ರ ಏದುಸಿರಿಲ್ಲದೆ ಏರುತ್ತಿತ್ತು. ಅದೂ ನನಗೆ ಸರಿಬರಲಿಲ್ಲ.

ಘಟ್ಟದ ಬುಡದ ಪೊಲೀಸ್ ಚೌಕಿಯಲ್ಲಿ ಕಾಗದಪತ್ರ ಕೇಳಿದರು. ಕೋಟಿನ ಜೇಬಿಗೆ ಕೈ ಹಾಕಿದೆ. ಜೇಬಿರಲಿಲ್ಲ. ಕೋಟೇ ಇರಲಿಲ್ಲ.

"ಗಾಡಿಯ ಕಾಗದವನ್ನೂ ಅದರಲ್ಲೇ ಇಟ್ಟಿದ್ದೆ," ಎಂದಳು ಬುರುಲ್ ಮೆಲ್ಲಗೆ. "ಬೇಲಿಯ ಮೇಲೆ."

ಪೊಲೀಸಿನವನು ಸಭ್ಯ. ಗಾಡಿಯನ್ನು ಬದಿಗೆ ಹಾಕಿಸಿದ. ಘಟ್ಟವನ್ನು ಐದು ಗಂಟೆಗೆ ಮುಚ್ಚುತ್ತಾರಂತೆ. ಗಡಿಯಾರ ನಾಲ್ಕೂಕಾಲು ತೋರಿಸುತ್ತಿತ್ತು. ತೊಟ್ಟಿಲಿನ ಮೇಲೆ ಹಿಮ ಉದುರತೊಡಗಿತು. ಬುರುಲ್ ಬೈಯಲಿಲ್ಲ, ಇಳಿದು ತನ್ನ ಶಾಲನ್ನು ತೊಟ್ಟಿಲಿಗೆ ಹೊದಿಸಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ನಾಲ್ಕೂ ನಲವತ್ತಕ್ಕೆ ಜನ ತುಂಬಿದ ಬಾಡಿಗೆ ಗಾಡಿಯೊಂದು ಬಂದು ನಿಂತಿತು. ಮೊದಲು ಇಳಿದದ್ದು ನನ್ನ ಕೋಟು. ಅದರ ಹಿಂದೆ ಸೈರಕಾನ್ ಅಕ್ಕ, ಕುರಿಗಳಂತೆ ತುಂಬಿದ ಮಂದಿಯ ನಡುವೆ ನಜ್ಜುಗುಜ್ಜಾಗಿ, ಉಣ್ಣೆಯ ವಸ್ತ್ರ ಓರೆಯಾಗಿ. ಫೋನು ಎತ್ತಲಿಲ್ಲವಲ್ಲ, ಅದಕ್ಕೇ ಬಂದೆ, ತೊಟ್ಟಿಲು ನಿಂತುಬಿಡಬಾರದು ನೋಡಿ ಎಂದಳು. ಕೋಟನ್ನು ನನ್ನ ಕೈಗಿಟ್ಟಳು.

ಮೂವತ್ತು ವರ್ಷದ ಅಭ್ಯಾಸ ಕೆಟ್ಟದ್ದು. ನನ್ನ ಕೈ ನನ್ನನ್ನು ಕೇಳದೆ ಜೇಬುಗಳನ್ನು ಒಂದೊಂದಾಗಿ ತಡಕಿತು, ಅವಳ ಕಣ್ಣೆದುರಿಗೇ.

"ಎಡಗಡೆಯ ಜೇಬು ತೂತಾಗಿದೆ ಅಣ್ಣ," ಎಂದಳು ಅಕ್ಕ. "ನನ್ನ ಕೈಗೆ ಬರುವಾಗಲೇ ಹಾಗಿತ್ತು. ಮೊದಲೇ ಹೇಳಿಬಿಡುತ್ತೇನೆ."

ಪೊಲೀಸಿನವನು ನಕ್ಕ. ಬಾಡಿಗೆ ಗಾಡಿಯ ಜನವೆಲ್ಲ ನಕ್ಕರು. ಬುರುಲ್ ಮಾತ್ರ ನಗಲಿಲ್ಲ, ಅಕ್ಕನನ್ನು ಅಪ್ಪಿಕೊಂಡಳು. ಐದಕ್ಕೆ ಹತ್ತು ನಿಮಿಷವಿರುವಾಗ ನಾವು ಘಟ್ಟ ಹತ್ತಿದೆವು. ಅಕ್ಕ ಓಶ್ ಕಡೆ ಹೋಗುವ ಇನ್ನೊಂದು ಬಾಡಿಗೆ ಗಾಡಿ ಹತ್ತಿ ವಾಪಸಾದಳು. ಭಾನುವಾರ ಮಗು ತೊಟ್ಟಿಲಲ್ಲಿ ಮಲಗಿತು, ಬೀಗರಿಗೆ ನಿಟ್ಟುಸಿರು ಬಿಡಲು ಏನೂ ಸಿಗಲಿಲ್ಲ.

ಸೈರಕಾನ್ ಅಕ್ಕನ ಹತ್ತಿರ ಒಂದು ಕ್ಷಮೆ ಕೇಳುವುದು ನನಗಿನ್ನೂ ಬಾಕಿಯಿದೆ.