ಮುನಿಯಮ್ಮನ ಗೋಡೆ ಮತ್ತು ನನ್ನ ಫೋರ್‌ಹ್ಯಾಂಡ್

ಟೆನಿಸ್ ಅಂದರೆ ಏನು ಮಹಾ! ಬಂದ ಚೆಂಡನ್ನು ಹೊಡೆದು ವಾಪಸ್ ಕಳಿಸುವುದು. ಮದುವೆಯಾದಾಗಿನಿಂದ ಹಸು ಕರುಗಳನ್ನು ಅಟ್ಟಿಕೊಂಡು ಬಂದವಳಿಗೆ ಇದೊಂದು ಕಷ್ಟವೇ?

ನಮ್ಮ ಯಜಮಾನರು ಬಂಗಾರಪೇಟೆ ಪಕ್ಕದ ನಮ್ಮೂರಿಂದ ಭಾನುವಾರ ತಪ್ಪದೆ ಚಿನ್ನದ ಗಣಿಯ ಊರು ಉರಿಗಾಂಗೆ ಹೋಗಿ, ಅಲ್ಲಿನ ಹಳೇ ಮಣ್ಣಿನ ಕೋರ್ಟಿನಲ್ಲಿ ಮೂವರು ಗೆಳೆಯರ ಜೊತೆ ಆಡುತ್ತಿದ್ದರು. ಈ ಬೇಸಿಗೆಗೆ ಮುಂಚೆ ಅವರು ತೀರಿಕೊಂಡರು. ಆ ಮೂವರಲ್ಲೊಬ್ಬನಾದ ಸೆಲ್ವಂ ಯಜಮಾನರ ಬ್ಯಾಟನ್ನು ತಂದುಕೊಟ್ಟು, "ಮೂರು ಜನಕ್ಕೆ ಆಟ ಆಗಲ್ಲ ಅಕ್ಕಾ, ನಿಲ್ಲಿಸ್ಬಿಡ್ತೀವಿ" ಅಂದ.

ಅವರ ಜೊತೆ ಅವರ ಭಾನುವಾರವೂ ಹೋಗಿಬಿಡುತ್ತದಲ್ಲ ಅನ್ನಿಸಿತು. "ನಾಲ್ಕನೆಯವಳು ನಾನು!" ಅಂದುಬಿಟ್ಟೆ.

ಸೆಲ್ವಂ ಅಂಗಳದಲ್ಲೇ ಪಾಠ ಶುರುಮಾಡಿದ. "ಫೋರ್‌ಹ್ಯಾಂಡ್ ಅಂದ್ರೆ, ಬ್ಯಾಟು ಕೆಳಗಿಂದ ಎತ್ತಿ, ಚೆಂಡು ಸವರಿ, ಎಡಗಡೆ ಭುಜದ ಮೇಲೆ ಮುಗಿಸ್ಬೇಕು. ನಡುವೆ ನಿಲ್ಲಿಸ್ಬಾರ್ದು. ಪುರಿಯುದಾ ಅಕ್ಕಾ?"

"ಪುರಿಯುದು" ಅಂದೆ. ನನಗೆ ತಮಿಳಿನಲ್ಲೂ ಅರ್ಥವಾಗಿತ್ತು. ಕೈಗೆ ಯಾವ ಭಾಷೆಯಲ್ಲೂ ಆಗಲಿಲ್ಲ!

ಅಭ್ಯಾಸಕ್ಕೆ ಪಕ್ಕದ ಮನೆ ಮುನಿಯಮ್ಮನ ಕೊಟ್ಟಿಗೆ ಗೋಡೆ ಆರಿಸಿಕೊಂಡೆ. ಗೋಡೆ ತುಂಬ ಬೆರಣಿ. ಮೊದಲ ಚೆಂಡಿಗೆ ಒಣಗಿದ್ದೊಂದು ಉದುರಿತು. ಎರಡನೆಯದು ಹಸಿ ಬೆರಣಿಯೊಳಗೆ ಹೋಗಿ ಕೂತುಬಿಟ್ಟಿತು. ಕೀಳಲು ಹೋದರೆ ಸಾಲೇ ಕಿತ್ತುಬಂತು!

"ಏನಕ್ಕೋ, ಅಣ್ಣ ತೀರೋದ ದುಃಖಕ್ಕೆ ನನ್ ಬೆರಣಿ ಏನ್ ಮಾಡಿತ್ತು?"

"ಅಭ್ಯಾಸ ಕಣೇ."

"ಬೀಳಿಸ್ದಷ್ಟೂ ನೀನೇ ತಟ್ಟು. ಆಮೇಲೆ ಏನ್ ಬೇಕಾದ್ರೂ ಆಡ್ಕೋ."

ನ್ಯಾಯವಾದ ತೀರ್ಪು. ಬೆಳಿಗ್ಗೆ ಬೀಳಿಸುವುದು, ಸಂಜೆ ತಟ್ಟುವುದು. ಬೆರಣಿಯ ನಿಯಮವೇ ಬೇರೆ. ಬೀಸಿ ತಟ್ಟಿದ ಕೈಯನ್ನು ಅಲ್ಲೇ ಒತ್ತಿ ನಿಲ್ಲಿಸಬೇಕು. ಇಲ್ಲದಿದ್ದರೆ ಸಗಣಿ ಜಾರಿ ಕಾಲ ಮೇಲೆ ಬೀಳುತ್ತದೆ. ಸೆಲ್ವಂ ಕಲಿಸಿದ್ದನ್ನೆಲ್ಲ ಸಂಜೆಯ ಹೊತ್ತಿಗೆ ಗೋಡೆ ಮರೆಸುತ್ತಿತ್ತು!

ಭಾನುವಾರ ಬಂತು. ಸೀರೆ ಎತ್ತಿ ಸಿಕ್ಕಿಸಿ, ಯಜಮಾನರ ಬೂಟಿನ ತುದಿಗೆ ಬಟ್ಟೆ ತುರುಕಿ ಕೋರ್ಟಿಗಿಳಿದೆ. ಮೊದಲ ಚೆಂಡು ನೆಟ್ಟಿಗೆ. ಎರಡನೆಯದೂ ನೆಟ್ಟಿಗೆ. ಮುಂದಿನದು ಬೇವಿನ ಮರಕ್ಕೆ! ಆಚೆ ಕಡೆಯಿದ್ದ ಸೆಲ್ವಂ ತಲೆ ತಗ್ಗಿಸಿ ನಿಂತಿದ್ದ. ಈ ಆಟ ಇವತ್ತಿಗೇ ಮುಗಿಯಿತು ಅಂದುಕೊಂಡೆ.

ಮತ್ತೊಂದು ಚೆಂಡು ಬಂತು. ಇದ್ದಬದ್ದ ಸಿಟ್ಟನ್ನೆಲ್ಲ ಸೇರಿಸಿ ಬೀಸಿದೆ. ನನ್ನ ಆವೇಶ ಕಂಡು ಸೆಲ್ವಂ ಬೇಲಿಯ ತನಕ ಹಿಂದಕ್ಕೋಡಿದ. ಆದರೆ ಕೈ ಸಂಜೆಯ ಕೆಲಸವನ್ನೇ ಮಾಡಿತು. ಚೆಂಡು ತಾಕಿದ ಜಾಗದಲ್ಲೇ ಬೀಸಿದ ಕೈ ಗಕ್ಕನೆ ನಿಂತಿತು! ಚೆಂಡು ನೆಟ್ಟನ್ನು ಮೆಲ್ಲಗೆ ದಾಟಿ ಅಲ್ಲೇ ಸತ್ತುಬಿತ್ತು. ಸೆಲ್ವಂ ಓಡಿಬಂದು ಜಾರಿ ಕೆಮ್ಮಣ್ಣಿನಲ್ಲಿ ಕೂತ.

"ಅಯ್ಯೋ ಅಕ್ಕಾ! ಇದ್ಯಾವ ಶಾಟು?"

"ಫೋರ್‌ಹ್ಯಾಂಡ್" ಅಂದೆ, ಗಂಭೀರವಾಗಿ.

ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಯಜಮಾನರಿದ್ದಿದ್ದರೆ ಬ್ಯಾಟು ಕಿತ್ತುಕೊಳ್ಳುತ್ತಿದ್ದರು. ಅದನ್ನು ನೆನೆದು ನಾನೂ ನಕ್ಕೆ. ಸೋತಿದ್ದೇನೋ ಸೋತೆವು. ಆದರೆ ಸೆಲ್ವಂ ಮಣ್ಣು ಕೊಡವಿಕೊಳ್ಳುತ್ತಾ, "ಬರೋ ಭಾನುವಾರ ಬೇಗ ಬನ್ನಿ ಅಕ್ಕಾ" ಅಂದ.

ಊರಿಗೆ ಬಂದರೆ ಮುನಿಯಮ್ಮ ಬಾಗಿಲಲ್ಲೇ ಕಾದಿದ್ದಳು. "ಗೆದ್ಯಾ?"

"ಒಂದು ಪಾಯಿಂಟು."

ಅವಳು ಗೋಡೆಯ ಉದ್ದಕ್ಕೂ ಕಣ್ಣಾಡಿಸಿದಳು. "ಇಷ್ಟು ಬೆರಣಿಗೆ ಒಂದೇನಾ? ಓಗ್ಲಿ ಬಿಡು. ನಾಳೆ ಬಾ, ಆ ಕಡೆ ಗೋಡೆ ಖಾಲಿ ಐತೆ."

ನನ್ನ ಫೋರ್‌ಹ್ಯಾಂಡ್ ಇನ್ನೂ ಸುಧಾರಿಸಿಲ್ಲ. ಬೆರಣಿ ಮಾತ್ರ ಊರಲ್ಲೇ ನನ್ನದು ಮೇಲಂತೆ!